ಮಗನ ಪ್ರೊಬೇಷನ್ ಮುಗಿಯಿತು, ಇವರಿಗೆಲ್ಲ ಥ್ಯಾಂಕ್ಸ್

ಮೊನ್ನೆ ಸೋಮವಾರಕ್ಕೆ ನನ್ನ ಮಗನ 2 ವರ್ಷದ ಪ್ರೊಬೇಷನ್ ಮುಗಿಯಿತು. ಕೆಲಸದ್ದಲ್ಲ, ಕಳ್ಳತನದ ಕೇಸಿನದ್ದು: ಹುಡುಗನನ್ನು ಮನೆಯಲ್ಲೇ ಬಿಟ್ಟು ಆಫೀಸರ್ ಒಬ್ಬರು ನಿಗಾ ಇಡುವುದು. ಹೆಸರು ಬರೆಯುವುದಿಲ್ಲ, ನನ್ನದೂ ಇಲ್ಲ. ಇಂಥ ಕೇಸಿನ ಮಕ್ಕಳ ಗುರುತು ಹೊರಗೆ ಬಿಡಬಾರದು ಅಂತ 2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್‌ನಲ್ಲೇ ಉಂಟು. ಮಂಗಳೂರಿನಲ್ಲಿ ಸಿಟಿ ಬಸ್ ಕಂಡಕ್ಟರ್ ನಾನು, ಅಷ್ಟು ಸಾಕು.

16ನೇ ವಯಸ್ಸಿನಲ್ಲಿ ಗೆಳೆಯರ ಜೊತೆ ಸೇರಿ ಬೈಕ್ ಕದ್ದಿದ್ದ. ಒಂದಲ್ಲ, ಮೂರು. ಬಾಲ ನ್ಯಾಯ ಮಂಡಳಿಯಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಹುಡುಗನನ್ನು ನಮ್ಮ ಜೊತೆಗೇ ಕಳಿಸಿದರು. ಮುಚ್ಚಳಿಕೆ ಬರೆದುಕೊಟ್ಟವನು ನಾನು. ಮೇಲಿಂದ ಕೌನ್ಸೆಲಿಂಗ್. ಅವನಿಗೆ ಮಾತ್ರ ಅಲ್ಲ, ನನಗೂ ಹೆಂಡತಿಗೂ. ತಪ್ಪು ಮಾಡಿದ್ದು ಅವನು, ನಾನ್ಯಾಕೆ ಹೋಗಿ ಕೂರಬೇಕು ಅಂತ ಸಿಟ್ಟು ಬಂದಿತ್ತು. ರಜೆ ಹಾಕಿದ ದಿನ ಸಂಬಳವೂ ಇಲ್ಲ ಅಲ್ವಾ?

ಮೊದಲ ದಿನ ಕೌನ್ಸೆಲಿಂಗ್ ಮೇಡಂ ಕೇಳಿದ್ದು ಇಷ್ಟೇ: "ಮಗನ ಮೂವರು ಫ್ರೆಂಡ್ಸ್ ಹೆಸರು ಹೇಳಿ." ನನಗೆ ಒಂದೂ ಬರಲಿಲ್ಲ. ಬೆಳಿಗ್ಗೆ ಐದೂವರೆಗೆ ಹೊರಟರೆ ರಾತ್ರಿ ಹತ್ತಕ್ಕೆ ಮನೆ ಸೇರುವವನು ನಾನು. ಇನ್ನೊಂದು ದಿನ, "ಏನ್ರೀ, ಟಿಕೆಟ್ ಚೆಕ್ಕಿಂಗ್‌ನವರ ಹಾಗೆ ಕೇಳ್ತೀರಲ್ಲ ಅವನನ್ನು" ಅಂದರು. ಮಗ ನಕ್ಕ. ಕೇಸಾದ ಮೇಲೆ ಅವನು ನಕ್ಕಿದ್ದು ಅವತ್ತೇ.

ಮನೆಯಲ್ಲಿ ನಿಯಮ ಶುರುವಾಯಿತು. ಮಗ ರಾತ್ರಿ ಎಂಟಕ್ಕೆ ಮನೆಯಲ್ಲಿರಬೇಕು. ತಡವಾದರೆ ಮರುದಿನ ಮೊಬೈಲ್ ಇಲ್ಲ. ಬೈಗುಳ, ಪೆಟ್ಟು ಇಲ್ಲ. ನಾನು ಹೇಳಿದ್ದನ್ನೇ ಇವಳೂ ಹೇಳಬೇಕು. ಜಾಸ್ತಿ ಕಷ್ಟವಾದದ್ದು ಇದೇ. ನಾನು ದುಡ್ಡಿಲ್ಲ ಅಂದರೆ ಇವಳು ಸಾಸಿವೆ ಡಬ್ಬಿಯಿಂದ ನೂರು ರೂಪಾಯಿ ತೆಗೆದು ಕೊಡುತ್ತಿದ್ದಳು.

ಐದನೇ ತಿಂಗಳಲ್ಲಿ ಹಳೇ ಗ್ಯಾಂಗ್ ಜೊತೆ ಮತ್ತೆ ಹೋದ. ರಾತ್ರಿ ಹತ್ತೂವರೆ ಆದರೂ ಪತ್ತೆ ಇಲ್ಲ. ಬೆಲ್ಟ್ ಕೈಯಲ್ಲಿ ಹಿಡಿದು ಕೂತಿದ್ದೆ, ಸುಳ್ಳು ಯಾಕೆ ಹೇಳಲಿ. ಕೊನೆಗೆ ಪ್ರೊಬೇಷನ್ ಆಫೀಸರ್‌ಗೆ ಫೋನ್ ಮಾಡಿದೆ. "ಬಾಗಿಲು ಹಾಕಬೇಡಿ. ಊಟ ಇಡಿ. ಮಾತು ನಾಳೆ" ಅಂದರು ಸರ್. ಹನ್ನೆರಡಕ್ಕೆ ಬಂದ. ಗಂಜಿ, ಬಂಗುಡೆ ಸಾರು ಇತ್ತು. ಸುಮ್ನೆ ಉಂಡು ಮಲಗಿದ. ಬೆಳಿಗ್ಗೆ ಅವನಾಗಿಯೇ ಬಾಯಿ ಬಿಟ್ಟ, ಯಾರು ಕರೆದರು, ಎಲ್ಲಿಗೆ ಹೋದರು ಅಂತೆಲ್ಲ.

ಸರ್‌ಗೆ, ಮೇಡಂಗೆ ಥ್ಯಾಂಕ್ಸ್. ಯಾಕೆ ಅಂತ ಒಂದು ದಿನವೂ ಕೇಳದೆ ಶನಿವಾರ ನನ್ನ ಟ್ರಿಪ್‌ಗೆ ಬದಲಿ ಹೋದ ಗೆಳೆಯನಿಗೆ ಥ್ಯಾಂಕ್ಸ್. ವಿಷಯ ಗೊತ್ತಿದ್ದೂ ಗಿರಾಕಿಗಳ ಬೈಕ್ ಕೀ ಮಗನ ಕೈಗೆ ಕೊಟ್ಟ ಗ್ಯಾರೇಜ್ ಅಣ್ಣನಿಗೆ ಎಷ್ಟು ಹೇಳಿದರೂ ಕಡಿಮೆ. ಮದುವೆಗೆ ಕರೆಯದೆ ಬಿಟ್ಟ ನೆಂಟರಿಗೆ ಇಲ್ಲಿ ಜಾಗ ಇಲ್ಲ, ಬೇಜಾರು ಮಾಡಬೇಡಿ.

ಮಗ ಈಗ ಐಟಿಐಗೆ ಹೋಗುತ್ತಾನೆ, ಕೆಲವು ದಿನ ನನ್ನ ಬಸ್ಸಿನಲ್ಲೇ. ಬೇಡ ಮಾರಾಯ ಅಂದರೂ ಟಿಕೆಟ್ ತೆಗೆಯುತ್ತಾನೆ. ಚಿಲ್ಲರೆ ಮಾತ್ರ ಯಾವತ್ತೂ ತರುವುದಿಲ್ಲ.