8 ಜಿಬಿ ಸರ್ವರ್‌ನಿಂದ 3 ಜಿಬಿ ಮೆಮೊರಿಯನ್ನು ಹೇಳದೆ ಹಿಂದಕ್ಕೆ ಪಡೆದಿರುವ ಬಗ್ಗೆ ದೂರು

ಇಂದ,
ಸರ್ವರ್ ನಿರ್ವಾಹಕರು,
ಅಡತಿ ಅಂಗಡಿಗಳ ಲೆಕ್ಕಪತ್ರ ವ್ಯವಸ್ಥೆ,
ನೆಹರೂ ಗಂಜ್, ಕಲಬುರಗಿ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಕ್ಲೌಡ್ ಸರ್ವರ್ ಸೇವೆ

ಮಾನ್ಯರೆ,

ನಿಮ್ಮಿಂದ ತಿಂಗಳ ಬಾಡಿಗೆಗೆ ಪಡೆದಿರುವ 8 ಜಿಬಿ ವರ್ಚುವಲ್ ಮಷೀನ್ (ನಿಮ್ಮ ದೊಡ್ಡ ಸರ್ವರ್‌ನೊಳಗೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್) ಮೇಲೆ ಗಂಜಿನ ಅಡತಿ ಅಂಗಡಿಗಳ ಲೆಕ್ಕ ನಡೆಯುತ್ತಿದೆ. ತೊಗರಿ ಸುಗ್ಗಿಯ ಈ ಜನವರಿಯಲ್ಲಿ ಅದು ಮೂರು ಸಲ ಕೈಕೊಟ್ಟಿತು. ಮೂರೂ ಸಲ ಟೆಂಡರ್ ಮುಗಿದು, ಕಾಂಟಾ (ತೂಕ) ಆಗಿ, ರೈತರು ಪಟ್ಟಿಗಾಗಿ ನಿಂತಿದ್ದ ಹೊತ್ತಿನಲ್ಲೇ. ನಿಮ್ಮ ಸಹಾಯ ಕೇಂದ್ರದಿಂದ ಮೂರು ಸಲವೂ ಬಂದ ಉತ್ತರ ಒಂದೇ: “ನಿಮ್ಮ ಮಷೀನ್ ಶೇ 94ರಷ್ಟು ಮೆಮೊರಿ ಬಳಸುತ್ತಿದೆ, 16 ಜಿಬಿ ಯೋಜನೆಗೆ ಬದಲಾಯಿಸಿ.” ಈ ಉತ್ತರ ತಪ್ಪು. ದಯವಿಟ್ಟು ಈ ಪತ್ರವನ್ನು ಸಿದ್ಧ ಉತ್ತರ ಕಳಿಸುವವರ ಕೈಗೆ ಕೊಡದೆ, ಹೋಸ್ಟ್ ಸರ್ವರ್ (ನಮ್ಮ ಮಷೀನ್ ಓಡುವ ನಿಮ್ಮ ದೊಡ್ಡ ಸರ್ವರ್) ನೋಡಿಕೊಳ್ಳುವ ಎಂಜಿನಿಯರರಿಗೇ ತಲುಪಿಸಿ.

ಮೊದಲು ನಮ್ಮ ಕಡೆಯ ಲೆಕ್ಕ. ಮಷೀನ್‌ನಲ್ಲಿ ಇರುವುದು ಡೆಬಿಯನ್ 12 ಲಿನಕ್ಸ್, ಅದರ ತಿರುಳಾದ ಕರ್ನಲ್ 6.1. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಹಂಚಿಕೆ ಬಫರ್ 2 ಜಿಬಿ, ಬಿಲ್ಲಿಂಗ್ ತಂತ್ರಾಂಶದ ಜಾವಾ ಹೀಪ್ 1.5 ಜಿಬಿ, ತಲಾ 12 ಎಂಬಿಯಂತೆ 60 ಡೇಟಾಬೇಸ್ ಸಂಪರ್ಕಗಳಿಗೆ ಸುಮಾರು 0.7 ಜಿಬಿ, ವ್ಯವಸ್ಥೆಯ ಉಳಿದ ಕೆಲಸಕ್ಕೆ 0.4 ಜಿಬಿ. ಒಟ್ಟು 4.6 ಜಿಬಿ. ಮಷೀನ್ ಚಾಲೂ ಆದಾಗ ‘ಫ್ರೀ’ ಆದೇಶ ತೋರಿಸುವ ಒಟ್ಟು ಮೆಮೊರಿ 7.7 ಜಿಬಿ. ಮಿಕ್ಕ 3.1 ಜಿಬಿಯನ್ನು ಕರ್ನಲ್ ಡಿಸ್ಕ್ ಕ್ಯಾಶ್ ಆಗಿ (ಡಿಸ್ಕ್‌ನಿಂದ ಓದಿದ್ದನ್ನು ಇಟ್ಟುಕೊಳ್ಳಲು) ಬಳಸಿಕೊಳ್ಳುತ್ತದೆ, ಬೇಕೆಂದಾಗ ತಕ್ಷಣ ಬಿಟ್ಟುಕೊಡುತ್ತದೆ. ‘ಅವೈಲಬಲ್’ ಕಾಲಂ ಹೇಳುವುದು ಇದನ್ನೇ, ಲಿನಕ್ಸ್ 3.14ರಿಂದ, ಅಂದರೆ 2014ರಿಂದ, ಕರ್ನಲ್ ತಾನೇ ಈ ಲೆಕ್ಕ ಕೊಡುತ್ತಿದೆ.

ಬೆಳಿಗ್ಗೆ 7 ಗಂಟೆಗೆ ನಿಮ್ಮ ಪ್ಯಾನೆಲ್ ಶೇ 94 ಬಳಕೆ ತೋರಿಸುತ್ತಿದ್ದಾಗ, ಅದೇ ನಿಮಿಷದಲ್ಲಿ ಮಷೀನ್ ಒಳಗೆ ‘ಅವೈಲಬಲ್’ 3 ಜಿಬಿ ಇತ್ತು. ಎರಡೂ ಪರದೆಗಳ ಚಿತ್ರ ಲಗತ್ತಿಸಿದೆ. ಈ ಅಂತರಕ್ಕೆ ಕಾರಣ ಎರಡರಲ್ಲಿ ಒಂದು. ನಿಮ್ಮ ಪ್ಯಾನೆಲ್ ಕ್ಯಾಶ್ ಅನ್ನೂ ‘ಬಳಕೆ’ಗೆ ಸೇರಿಸುತ್ತಿರಬೇಕು, ಇಲ್ಲವೇ ಹೋಸ್ಟ್‌ನಲ್ಲಿ ನಮ್ಮ ಮಷೀನ್ ಓಡಿಸುವ ಕ್ಯೂಇಎಂಯು ಪ್ರಕ್ರಿಯೆ ಹಿಡಿದಿರುವ ಮೆಮೊರಿಯನ್ನೇ ನಮ್ಮ ಬಳಕೆ ಎಂದು ತೋರಿಸುತ್ತಿರಬೇಕು. ಎರಡನೆಯದಾದರೆ ಆ ಸಂಖ್ಯೆ ಏರುವುದೇ ಹೊರತು ಇಳಿಯುವುದಿಲ್ಲ. ಗೆಸ್ಟ್, ಅಂದರೆ ನಮ್ಮ ಮಷೀನ್, ಒಮ್ಮೆ ಮುಟ್ಟಿದ ಪುಟ (ಮೆಮೊರಿಯ ಸಣ್ಣ ತುಂಡು) ಆಮೇಲೆ ಒಳಗೆ ಖಾಲಿಯಾದರೂ, ಯಾರೂ ತಿಳಿಸದ ಹೊರತು ಹೋಸ್ಟ್‌ಗೆ ಅದು ಗೊತ್ತಾಗುವುದಿಲ್ಲ. ಬಾಡಿಗೆದಾರ ಕೋಣೆ ಖಾಲಿ ಮಾಡಿದ್ದರೂ ಮಾಲೀಕನ ಪುಸ್ತಕದಲ್ಲಿ ಹೆಸರು ಹಾಗೇ ಉಳಿದಂತೆ.

ಈಗ ಮುಖ್ಯ ವಿಷಯ. ಮೊದಲ ಎರಡು ಸಲ, 10.40ರ ನಂತರ ನಮ್ಮ ಮಷೀನ್‌ನ ಒಟ್ಟು ಮೆಮೊರಿಯೇ 7.7ರಿಂದ 4.7 ಜಿಬಿಗೆ ಇಳಿಯಿತು. ಬಳಕೆ ಹೆಚ್ಚಾದದ್ದಲ್ಲ, ಪಾತ್ರೆಯೇ ಚಿಕ್ಕದಾದದ್ದು. ಇದಕ್ಕೆ ಕಾರಣ ಬಲೂನ್: ಹೋಸ್ಟ್ ಕೇಳಿದಷ್ಟು ಪುಟಗಳನ್ನು ಗೆಸ್ಟ್ ಒಳಗೆ ಹಿಡಿದು ಹೋಸ್ಟ್‌ಗೆ ಒಪ್ಪಿಸುವ ಡ್ರೈವರ್. ಊದಿದರೆ ನಮ್ಮ ಮೆಮೊರಿ ಹೋಗುತ್ತದೆ, ಗಾಳಿ ಬಿಟ್ಟರೆ ಮರಳುತ್ತದೆ. ‘ಪ್ರೋಕ್’ ಅಡಿಯ ‘ವಿಎಂಸ್ಟ್ಯಾಟ್’ ಕಡತದಲ್ಲಿ ‘ಬಲೂನ್ ಇನ್‌ಫ್ಲೇಟ್’ ಸಂಖ್ಯೆಯಿಂದ ‘ಬಲೂನ್ ಡಿಫ್ಲೇಟ್’ ಸಂಖ್ಯೆ ಕಳೆದರೆ ಸಿಗುವುದು 7,86,432. ಇವು 4 ಕೆಬಿಯ ಪುಟಗಳು. ಗುಣಿಸಿದರೆ ಸರಿಯಾಗಿ 3 ಜಿಬಿ, ಒಂದು ಪುಟವೂ ಹೆಚ್ಚುಕಡಿಮೆ ಇಲ್ಲ. ಇಷ್ಟು ದುಂಡು ಸಂಖ್ಯೆ ಯಾವ ತಂತ್ರಾಂಶದ ಸೋರಿಕೆಯಿಂದಲೂ ಬರುವುದಿಲ್ಲ. ಯಾರೋ ಗುರಿ ನಿಗದಿ ಮಾಡಿ ಊದಿಸಿದ ಬಲೂನ್ ಇದು.

ಹೀಗೆ 4.7ರಲ್ಲಿ 4.6 ಖರ್ಚಾಗಿ 0.1 ಜಿಬಿ ಉಳಿದಿದ್ದಾಗ ದಿನದ ಆವಕದ ವರದಿ ತೆಗೆಯಲು ಹೋದರೆ ಏನಾಗಬೇಕೋ ಅದೇ ಆಯಿತು. ಕರ್ನಲ್ ಲಾಗ್‌ನಲ್ಲಿ ಮೊದಲು ವರ್ಟಿಯೋ ಬಲೂನ್ ಡ್ರೈವರ್‌ನ “ಔಟ್ ಆಫ್ ಪಫ್” ಸಾಲುಗಳು (ಊದಲು ಉಸಿರಿಲ್ಲ ಎಂದು ಡ್ರೈವರೇ ಹೇಳಿಕೊಂಡದ್ದು, ಬರೆದವರಿಗೆ ಹಾಸ್ಯಪ್ರಜ್ಞೆ ಇತ್ತು), ಅದರ ಬೆನ್ನಿಗೆ “ಔಟ್ ಆಫ್ ಮೆಮೊರಿ”, ಅಂದರೆ ಮೆಮೊರಿ ಮುಗಿದು ಕರ್ನಲ್ ಒಂದು ಪ್ರಕ್ರಿಯೆಯನ್ನು ಕೊಂದದ್ದು. ಒಳಗೆ ಪುಟವೇ ಸಿಗದಿದ್ದರೂ ನಿಮ್ಮ ಹೋಸ್ಟ್ ಇನ್ನೂ ಕೊಡು ಎಂದು ಕೇಳುತ್ತಲೇ ಇತ್ತು ಎಂಬುದಕ್ಕೆ ಆ ಮೊದಲ ಸಾಲುಗಳೇ ಸಾಕ್ಷಿ. ಸತ್ತದ್ದು ಪೋಸ್ಟ್‌ಗ್ರೆಸ್‌ನ ಒಂದೇ ಒಂದು ಪ್ರಕ್ರಿಯೆ. ಆದರೆ ಸಿಗ್ನಲ್ 9ರಿಂದ (ಬಲವಂತವಾಗಿ ಕೊಲ್ಲುವ ಆದೇಶ) ಒಂದು ಸತ್ತರೆ, ಹಂಚಿಕೆಯ ಮೆಮೊರಿ ಕೆಟ್ಟಿರಬಹುದೆಂದು ಪೋಸ್ಟ್‌ಗ್ರೆಸ್ ಎಲ್ಲ ಸಂಪರ್ಕಗಳನ್ನೂ ಕಡಿದು ರಿಕವರಿಗೆ ಇಳಿಯುತ್ತದೆ. ಎಲ್ಲ ಅಂಗಡಿಗಳ ಪರದೆಯೂ ಒಟ್ಟಿಗೆ ನಿಂತದ್ದು ಅದಕ್ಕೇ.

ಬಲೂನ್ ಎಂಬ ಉಪಾಯದ ಮೇಲೆ ನಮ್ಮ ತಕರಾರಿಲ್ಲ. 2002ರಲ್ಲೇ ವಿಎಂವೇರ್‌ನವರು ಪ್ರಬಂಧ ಬರೆದು ವಿವರಿಸಿದ ವಿಧಾನ ಅದು. ಯಾವ ಪುಟ ಬಿಡಬಹುದೆಂಬುದು ಗೆಸ್ಟ್‌ಗೇ ಚೆನ್ನಾಗಿ ಗೊತ್ತು ಎಂಬ ತರ್ಕವೂ ಸರಿ. ತಕರಾರು ನೀವು ಅದನ್ನು ಜೋಡಿಸಿರುವ ರೀತಿಯ ಮೇಲೆ. ‘ಸಿಸ್’ ಅಡಿಯಲ್ಲಿ ಬಲೂನ್ ಸಾಧನದ ‘ಫೀಚರ್ಸ್’ ಕಡತ ತೆರೆದರೆ ಸೊನ್ನೆ ಒಂದುಗಳ ಸಾಲು ಕಾಣುತ್ತದೆ. ಎಡದಿಂದ ಎಣಿಸಿ. ಎರಡನೆಯ ಅಂಕಿ 1 ಇದೆ: ಒಳಗಿನ ನಿಜವಾದ ಅಂಕಿಅಂಶ ಕೇಳಿ ಪಡೆಯುವ ದಾರಿ ನಿಮಗೆ ತೆರೆದೇ ಇದೆ. ಮೂರನೆಯದು 0: ಗೆಸ್ಟ್‌ನಲ್ಲಿ ಮೆಮೊರಿ ಮುಗಿದಾಗ ಬಲೂನ್ ತಾನಾಗಿ ಗಾಳಿ ಬಿಡುವ ಸೌಲಭ್ಯವನ್ನು ನೀವು ಕೊಟ್ಟಿಲ್ಲ. ಒಟ್ಟು ಮೆಮೊರಿಯ ಸಂಖ್ಯೆಯೇ ಇಳಿದದ್ದೂ ಇದನ್ನೇ ಹೇಳುತ್ತದೆ, ಆ ಸೌಲಭ್ಯ ಇದ್ದಿದ್ದರೆ ಅದು ಇಳಿಯುತ್ತಿರಲಿಲ್ಲ. ಆರನೆಯದು 0: ಖಾಲಿ ಪುಟಗಳನ್ನು ಹೋಸ್ಟ್‌ಗೆ ವರದಿ ಮಾಡುವ ಸೌಲಭ್ಯವೂ ಇಲ್ಲ.

ಈ ಕೊನೆಯದೇ ನಮ್ಮ ಮುಖ್ಯ ಬೇಡಿಕೆ. ಗೆಸ್ಟ್‌ನಲ್ಲಿ ಲಿನಕ್ಸ್ 5.7, ಹೋಸ್ಟ್‌ನಲ್ಲಿ ಕ್ಯೂಇಎಂಯು 5.1 ಅಥವಾ ನಂತರದ್ದು ಇದ್ದರೆ ಸಾಕು, ‘ಫ್ರೀ ಪೇಜ್ ರಿಪೋರ್ಟಿಂಗ್’ ಕೆಲಸ ಮಾಡುತ್ತದೆ. ಪುಟಗಳು ಖಾಲಿಯಾದ ಸುಮಾರು 2 ಸೆಕೆಂಡಿಗೆ ಗೆಸ್ಟ್ ತಾನೇ 2 ಎಂಬಿ ಅಥವಾ ಅದಕ್ಕಿಂತ ದೊಡ್ಡ ತುಂಡುಗಳಲ್ಲಿ “ಇದು ಖಾಲಿ” ಎಂದು ತಿಳಿಸುತ್ತದೆ, ಹೋಸ್ಟ್ ಅದನ್ನು ಬೇರೆಯವರಿಗೆ ಕೊಡಬಹುದು. ನಮಗೆ ಮತ್ತೆ ಬೇಕಾದರೆ ಮುಟ್ಟಿದ ಕೂಡಲೇ ವಾಪಸು ಸಿಗುತ್ತದೆ, ಗುರಿ ನಿಗದಿಯ ಕಿರಿಕಿರಿ ಇಲ್ಲ. ಹಾಗೆ ಮತ್ತೆ ಮುಟ್ಟುವಾಗ ಹೋಸ್ಟ್ ಪುಟ ಒದಗಿಸುವ ಪೇಜ್ ಫಾಲ್ಟ್‌ನ ಸಣ್ಣ ಖರ್ಚು ಇದೆ, ನಿಜ. ಗಂಜಿನ ಹಾಡಹಗಲಲ್ಲಿ ಡೇಟಾಬೇಸ್ ಸಾಯುವುದಕ್ಕಿಂತ ಅದು ಎಷ್ಟೋ ಮೇಲು.

ಇನ್ನೊಂದು ಸಂಶಯ. ಲಿಬ್‌ವರ್ಟ್ (ಹೋಸ್ಟ್‌ನಲ್ಲಿ ಮಷೀನ್‌ಗಳನ್ನು ನಿರ್ವಹಿಸುವ ತಂತ್ರಾಂಶ) ಕೊಡುವ ಅಂಕಿಅಂಶದಲ್ಲಿ ‘ಅವೈಲಬಲ್’ ಎಂದರೆ ಗೆಸ್ಟ್‌ಗೆ ಕಾಣುವ ಒಟ್ಟು ಮೆಮೊರಿ. ನಾವು ‘ಫ್ರೀ’ಯಲ್ಲಿ ‘ಅವೈಲಬಲ್’ ಎಂದು ನೋಡುವುದಕ್ಕೆ ಅಲ್ಲಿರುವ ಹೆಸರು ‘ಯೂಸಬಲ್’. ಹೆಸರು ನೋಡಿ ಮೋಸ ಹೋಗುವವರು ಬಹಳ. ನಿಮ್ಮ ಬಲೂನ್ ಊದುವ ಸ್ಕ್ರಿಪ್ಟ್ ಈ ಎರಡನ್ನು ಅದಲುಬದಲು ಮಾಡಿಕೊಂಡಿದ್ದರೆ ಪ್ರತಿಯೊಂದು ಮಷೀನ್ ಕೂಡ ಅದಕ್ಕೆ ಖಾಲಿ ಬಿದ್ದಂತೆಯೇ ಕಾಣುತ್ತದೆ. ಪರಿಶೀಲಿಸಿ.

ಮೂರನೆಯ ಸಲದ್ದು ಬೇರೆ ಜಾತಿಯ ತೊಂದರೆ. ಬಲೂನ್ ಊದಿರಲಿಲ್ಲ, ಯಾವ ಪ್ರಕ್ರಿಯೆಯೂ ಸಾಯಲಿಲ್ಲ, ಆದರೆ ಪಟ್ಟಿ ಮುದ್ರಣ 40 ಸೆಕೆಂಡ್ ಸ್ತಬ್ಧವಾಗಿತ್ತು. ಒಳಗೆ ಸ್ವಾಪ್ (ಮೆಮೊರಿಯ ಪುಟಗಳನ್ನು ಡಿಸ್ಕ್‌ಗೆ ಸರಿಸುವುದು) ಸಂಚಾರ ಸೊನ್ನೆ, ಡಿಸ್ಕ್ ಕಾಯುವಿಕೆ ಅತ್ಯಲ್ಪ. “ಸ್ಟೀಲ್ ಟೈಮ್ ಸೊನ್ನೆ ಇದೆ, ಹಾಗಾಗಿ ನಮ್ಮ ಹೋಸ್ಟ್ ಸರಿಯಾಗಿದೆ” ಎಂದು ನೀವು ಬರೆದಿರಿ. ಸ್ಟೀಲ್ ಅಳೆಯುವುದು ಸಿಪಿಯು ಸರದಿಗೆ ಕಾದ ಸಮಯವನ್ನು ಮಾತ್ರ. ಹೋಸ್ಟ್ ನಮ್ಮ ಪುಟಗಳನ್ನು ತನ್ನ ಸ್ವಾಪ್‌ಗೆ ಹಾಕಿ, ಅವು ವಾಪಸು ಬರಲು ನಮ್ಮ ವರ್ಚುವಲ್ ಸಿಪಿಯು ಕಾಯುತ್ತಿದ್ದರೆ ಆ ಸಮಯ ಅಲ್ಲಿ ದಾಖಲಾಗುವುದೇ ಇಲ್ಲ. ನಮ್ಮ ಮಷೀನ್‌ನ ಕ್ಯೂಇಎಂಯು ಪ್ರಕ್ರಿಯೆಯ ‘ಸ್ಟೇಟಸ್’ ಕಡತದಲ್ಲಿ ‘ವಿಎಂಸ್ವಾಪ್’ ಎಷ್ಟಿದೆ ಎಂದು ನೋಡಿ, ಆ ಸಂಖ್ಯೆಯನ್ನು ಬರಹದಲ್ಲಿ ತಿಳಿಸಿ.

ಪ್ರತಿ ಗಂಟೆಗೊಮ್ಮೆ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ವ್ಯವಸ್ಥೆ) ಕ್ಯಾಶ್ ಖಾಲಿ ಮಾಡಿಸುವ ‘ಡ್ರಾಪ್ ಕ್ಯಾಶಸ್’ ಕಡತಕ್ಕೆ 3 ಬರೆಯಿರಿ ಎಂಬ ನಿಮ್ಮ ಸಲಹೆಯನ್ನು ಪಾಲಿಸಿಲ್ಲ, ಪಾಲಿಸುವುದೂ ಇಲ್ಲ. ಅದರಿಂದ ಬಿಡುವಾಗುವುದು ಹೇಗೂ ಬಿಡಬಹುದಾಗಿದ್ದ ಕ್ಯಾಶ್ ಮಾತ್ರ. ಮರುಕ್ಷಣ ಅಷ್ಟನ್ನೂ ಡಿಸ್ಕ್‌ನಿಂದ ಮತ್ತೆ ಓದಬೇಕು. ಆರನೆಯ ಅಂಕಿ 0 ಇರುವತನಕ ಹಾಗೆ ಖಾಲಿಯಾದದ್ದು ನಿಮ್ಮ ಹೋಸ್ಟ್‌ಗೂ ತಿಳಿಯುವುದಿಲ್ಲ. ಇಬ್ಬರಿಗೂ ಲಾಭವಿಲ್ಲ.

ಸದ್ಯಕ್ಕೆ ನಮ್ಮ ಕಡೆಯಿಂದ 2 ಎಂಬಿಯ 1,060 ಹ್ಯೂಜ್ ಪೇಜ್ (ದೊಡ್ಡ ಪುಟ) ಕಾಯ್ದಿರಿಸಿ ಪೋಸ್ಟ್‌ಗ್ರೆಸ್ ಬಫರನ್ನು ಅಲ್ಲಿಗೆ ಸರಿಸಿದ್ದೇವೆ, ಬಲೂನ್ ಅವನ್ನು ಮುಟ್ಟಲಾರದು. ಆದರೆ ಆಗ ಅದು ಉಳಿದ ಭಾಗವನ್ನೇ ಹಿಂಡುತ್ತದೆ. ನಿಮ್ಮ ಇಮೇಜ್‌ನಲ್ಲಿ ಸ್ವಾಪ್ ಇರಲಿಲ್ಲವಾದ್ದರಿಂದ 2 ಜಿಬಿ ಸ್ವಾಪ್ ಕಡತವನ್ನೂ ಮಾಡಿಕೊಂಡಿದ್ದೇವೆ.

ನಿಮ್ಮಿಂದ ಆಗಬೇಕಾದದ್ದು: ಬಲೂನ್ ಸಾಧನವನ್ನು ತೆಗೆಯಬೇಡಿ, ಖಾಲಿ ಪುಟದ ವರದಿ ಹೋಗುವುದೂ ಅದರ ಮೂಲಕವೇ. ನಮ್ಮ ಮಷೀನ್‌ನ ಲಿಬ್‌ವರ್ಟ್ ಸಂರಚನೆಯಲ್ಲಿ ಪ್ರಸ್ತುತ ಮೆಮೊರಿಯನ್ನು ಗರಿಷ್ಠ ಮೆಮೊರಿಗೆ ಸಮನಾಗಿ 8 ಜಿಬಿ ಎಂದು ನಿಲ್ಲಿಸಿ, ‘ಆಟೋ ಡಿಫ್ಲೇಟ್’ ಮತ್ತು ‘ಫ್ರೀ ಪೇಜ್ ರಿಪೋರ್ಟಿಂಗ್’ ಎರಡನ್ನೂ ಆನ್ ಮಾಡಿ, ಬಲೂನ್ ಊದುವ ಸ್ಕ್ರಿಪ್ಟ್‌ನ ಪಟ್ಟಿಯಿಂದ ನಮ್ಮನ್ನು ಬಿಡಿ. ಹೋಸ್ಟ್‌ನಲ್ಲಿ ಜಾಗ ಸಾಲದಿದ್ದರೆ ನಮ್ಮ ಮಷೀನ್ ಅನ್ನು ಬೇರೆ ಹೋಸ್ಟ್‌ಗೆ ಸರಿಸಿ. ಜನವರಿ ತಿಂಗಳ ಬಾಡಿಗೆಯನ್ನು 8 ಜಿಬಿಯದಲ್ಲ, 5 ಜಿಬಿಯ ಲೆಕ್ಕದಲ್ಲಿ ಮಾಡಿ ಹೆಚ್ಚುವರಿ ಹಣ ಹಿಂದಿರುಗಿಸಿ.

ಈ ಬದಲಾವಣೆಗೆ ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು; ಮಷೀನ್ ಪೂರ್ತಿ ಆಫ್ ಆಗಿ ಹೊಸದಾಗಿ ಚಾಲೂ ಆಗಬೇಕು. ಭಾನುವಾರ ಬೆಳಿಗ್ಗೆ ಮಾಡಿ, ಹಿಂದಿನ ದಿನ ಸಂಜೆಯೊಳಗೆ ತಿಳಿಸಿ, ನಾವು ಪೋಸ್ಟ್‌ಗ್ರೆಸ್ ನಿಲ್ಲಿಸಿ ಬ್ಯಾಕಪ್ ತೆಗೆದಿರುತ್ತೇವೆ. ಚಾಲೂ ಆದ ಮೇಲೆ ‘ಫೀಚರ್ಸ್’ ಕಡತದ ಮೂರನೆಯ ಮತ್ತು ಆರನೆಯ ಅಂಕಿ 1 ಆಗಿದ್ದರೆ ನಮ್ಮ ಕಡೆಯಿಂದ ಈ ದೂರನ್ನು ಮುಚ್ಚುತ್ತೇವೆ.

ಲಗತ್ತು: ಪ್ಯಾನೆಲ್ ಮತ್ತು ‘ಫ್ರೀ’ ಪರದೆಗಳ ಚಿತ್ರ, ಮೂರೂ ದಿನಗಳ ಕರ್ನಲ್ ಲಾಗ್, ‘ವಿಎಂಸ್ಟ್ಯಾಟ್’ ಮತ್ತು ‘ಫೀಚರ್ಸ್’ ಕಡತಗಳ ಪ್ರತಿ.

ಇತಿ,
ಸರ್ವರ್ ನಿರ್ವಾಹಕರು,
ನೆಹರೂ ಗಂಜ್, ಕಲಬುರಗಿ