ಎಫ್‌ಎಂ ಟ್ರಾನ್ಸ್‌ಮಿಟರ್: ಎಷ್ಟು ದೂರ ಎನ್ನುವ ಮೊದಲು ಎಲ್ಲಿ ಎಂದು ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ಬಂದ, ಒಂದೇ ಟ್ರಾನ್ಸಿಸ್ಟರಿನ ಎಫ್‌ಎಂ ಟ್ರಾನ್ಸ್‌ಮಿಟರ್ ಕಟ್ಟುವ ಲೇಖನ ಓದಿದೆ. ಹತ್ತು ಬಿಡಿಭಾಗ ಜೋಡಿಸಿ ತಮ್ಮ ಮಾತನ್ನು ಪಕ್ಕದ ಕೋಣೆಯ ರೇಡಿಯೊದಲ್ಲಿ ಕೇಳುವುದಕ್ಕಿಂತ ಒಳ್ಳೆಯ ಎಲೆಕ್ಟ್ರಾನಿಕ್ಸ್ ಪಾಠ ಮಕ್ಕಳಿಗೆ ಸಿಗುವುದು ಕಷ್ಟ. ಹಾಗಾಗಿಯೇ ಈ ಪತ್ರ. ಅಚ್ಚಾದ ಚಿತ್ರವನ್ನು ಇದ್ದ ಹಾಗೇ ಜೋಡಿಸಿದರೆ ಅನೇಕರಿಗೆ ಏನೂ ಕೇಳಿಸುವುದಿಲ್ಲ. ಕೇಳಿಸಿದವರಲ್ಲೂ ಕೆಲವರು ತಮಗೇ ಗೊತ್ತಿಲ್ಲದೆ ಎಫ್‌ಎಂ ಪಟ್ಟಿಯ ಹೊರಗೆ, ವಿಮಾನಗಳಿಗೆ ಮೀಸಲಾದ ಜಾಗದಲ್ಲಿ ಪ್ರಸಾರ ಮಾಡುತ್ತಿರುತ್ತಾರೆ. ಎರಡಕ್ಕೂ ಕಾರಣ ಚಿತ್ರದಲ್ಲೇ ಇದೆ.

ಮೊದಲು ಕಾಯಿಲ್, ಅಂದರೆ ಫ್ರೀಕ್ವೆನ್ಸಿಯನ್ನು ನಿರ್ಧರಿಸುವ ತಂತಿಯ ಸುರುಳಿ. ‘ನಾಲ್ಕೈದು ಸುತ್ತು’ ಎಂದಷ್ಟೇ ಬರೆದರೆ ಅದು ಅಳತೆಯಾಗುವುದಿಲ್ಲ. 0.7 ಮಿಲಿಮೀಟರ್ (22 ಗೇಜ್) ಎನಾಮಲ್ ತಂತಿಯನ್ನು 5 ಮಿಮೀ ಡ್ರಿಲ್ ಬಿಟ್ಟಿನ ನಯವಾದ ಹಿಂಭಾಗಕ್ಕೆ 5 ಸುತ್ತು ಸುತ್ತಿ, ಸುತ್ತುಗಳ ನಡುವೆ ಸಂದು ಬರುವಂತೆ ಒಟ್ಟು ಉದ್ದ 6 ಮಿಮೀಗೆ ಎಳೆದರೆ ಅದರ ಇಂಡಕ್ಟನ್ಸ್ ಸುಮಾರು 0.1 ಮೈಕ್ರೊಹೆನ್ರಿ ಆಗುತ್ತದೆ. ಇದು 98 ಮೆಗಾಹರ್ಟ್ಸ್‌ನಲ್ಲಿ ಕೂರಲು ಜೊತೆಗೆ ಒಟ್ಟು 26 ಪಿಕೊಫ್ಯಾರಡ್ ಕೆಪಾಸಿಟನ್ಸ್ ಬೇಕು, 88ಕ್ಕೆ 33, 108ಕ್ಕೆ 22. ಟ್ರಾನ್ಸಿಸ್ಟರ್, ಫೀಡ್‌ಬ್ಯಾಕ್ ಕೆಪಾಸಿಟರ್ ಮತ್ತು ತಂತಿಗಳದ್ದೇ ಸುಮಾರು ಹತ್ತು ಪಿಕೊಫ್ಯಾರಡ್ ಆಗುತ್ತದೆ. ಉಳಿದದ್ದನ್ನು 5–30 ಪಿಕೊಫ್ಯಾರಡ್ ಟ್ರಿಮ್ಮರ್ (ತಿರುಗಿಸಿ ಬೆಲೆ ಬದಲಿಸುವ ಕೆಪಾಸಿಟರ್) ಸರಾಗವಾಗಿ ತುಂಬುತ್ತದೆ. ಅದೇ 5 ಸುತ್ತನ್ನು ಪೆನ್ಸಿಲ್ಲಿಗೆ ಸುತ್ತಿದರೆ ಇಂಡಕ್ಟನ್ಸ್ ಎರಡು ಪಟ್ಟಿನ ಹತ್ತಿರ ಹೋಗುತ್ತದೆ, ಲೆಕ್ಕವೆಲ್ಲ ತಲೆಕೆಳಗು. ತಂತಿಯ ತುದಿಯ ಎನಾಮಲ್ಲನ್ನು ಬ್ಲೇಡಿನಿಂದ ಸುತ್ತಲೂ ಕೆರೆದು, ತವರ ಹಿಡಿಸಿದ ಮೇಲೆಯೇ ಬೆಸುಗೆ ಹಾಕಬೇಕು. ಕಣ್ಣಿಗೆ ಬೆಸುಗೆ ಕೂತಂತೆ ಕಂಡರೂ ಒಳಗೆ ಎನಾಮಲ್ ಉಳಿದು ಸಂಪರ್ಕವೇ ಇರುವುದಿಲ್ಲ.

ಎರಡನೆಯದು ಟ್ರಾನ್ಸಿಸ್ಟರಿನ ಮೂರು ಕಾಲುಗಳಾದ ಬೇಸ್, ಎಮಿಟರ್, ಕಲೆಕ್ಟರ್ ಪೈಕಿ ಬೇಸ್‌ನಿಂದ ಗ್ರೌಂಡಿಗೆ ಹೋಗುವ ಕೆಪಾಸಿಟರ್. ಚಿತ್ರದಲ್ಲಿ 0.1 ಮೈಕ್ರೊಫ್ಯಾರಡ್ ಎಂದಿದೆ, ಇರಬೇಕಾದದ್ದು 0.001 ಮೈಕ್ರೊಫ್ಯಾರಡ್, ಅಂದರೆ 1 ನ್ಯಾನೊಫ್ಯಾರಡ್. ಒಂದು ಸೊನ್ನೆ ಕಡಿಮೆಯಾದದ್ದಲ್ಲ, ನೂರು ಪಟ್ಟಿನ ವ್ಯತ್ಯಾಸ. ಈ ಕೆಪಾಸಿಟರ್ ರೇಡಿಯೊ ತರಂಗಕ್ಕೆ ಬೇಸನ್ನು ಗ್ರೌಂಡ್ ಮಾಡಬೇಕು, ಧ್ವನಿಯನ್ನು ಮಾತ್ರ ಮುಟ್ಟಬಾರದು. 1 ನ್ಯಾನೊಫ್ಯಾರಡ್ಡಿನ ತಡೆ 98 ಮೆಗಾಹರ್ಟ್ಸ್‌ನಲ್ಲಿ ಎರಡು ಓಮ್ ಕೂಡ ಇಲ್ಲ, 1 ಕಿಲೋಹರ್ಟ್ಸ್ ಧ್ವನಿಗೆ 159 ಕಿಲೋ ಓಮ್. ಅಲ್ಲಿ 0.1 ಮೈಕ್ರೊಫ್ಯಾರಡ್ ಹಾಕಿದರೆ 1 ಕಿಲೋಹರ್ಟ್ಸ್‌ಗೇ ತಡೆ 1.6 ಕಿಲೋ ಓಮಿಗೆ ಇಳಿಯುತ್ತದೆ, ಮಾತಿನ ಮೇಲಿನ ಸ್ವರಗಳೆಲ್ಲ ಗ್ರೌಂಡಿಗೆ ಸೋರಿಹೋಗುತ್ತವೆ. ಆಗ ರೇಡಿಯೊದಲ್ಲಿ ಸಿಗ್ನಲ್ ಇರುತ್ತದೆ, ಗೊರಗೊರ ಶಬ್ದ ನಿಂತು ಮೌನವಾಗುತ್ತದೆ, ಮಾತು ಮಾತ್ರ ಹೊದಿಕೆಯೊಳಗಿಂದ ಬಂದಂತೆ ಕೇಳಿಸುತ್ತದೆ. ‘ಮೈಕ್ ಸರಿಯಿಲ್ಲ’ ಎಂದು ಮೈಕ್ ಬದಲಿಸುವವರೇ ಹೆಚ್ಚು.

ಉಳಿದ ಬೆಲೆಗಳನ್ನೂ ಒಂದೇ ಕಡೆ ಬರೆಯುತ್ತೇನೆ. 9 ವೋಲ್ಟ್ ಬ್ಯಾಟರಿಯ ಧನದಿಂದ ಬೇಸ್‌ಗೆ 22 ಕಿಲೋ ಓಮ್, ಬೇಸ್‌ನಿಂದ ಗ್ರೌಂಡಿಗೆ 10 ಕಿಲೋ ಓಮ್, ಎಮಿಟರ್‌ನಿಂದ ಗ್ರೌಂಡಿಗೆ 470 ಓಮ್. ಎಮಿಟರ್‌ನಲ್ಲಿ ಸುಮಾರು 2 ವೋಲ್ಟ್ ಸಿಗಬೇಕು, ಅಂದರೆ ನಾಲ್ಕು ಮಿಲಿಆಂಪ್ ಚಿಲ್ಲರೆ. ಮಲ್ಟಿಮೀಟರಿನಲ್ಲಿ ಇದನ್ನು ನೋಡದೆ ಮುಂದೆ ಹೋಗಬೇಡಿ. ಇಲ್ಲಿ ವೋಲ್ಟೇಜ್ ಸರಿಯಿಲ್ಲದಿದ್ದರೆ ಟ್ರಿಮ್ಮರ್ ತಿರುಗಿಸಿ ಪ್ರಯೋಜನವಿಲ್ಲ. ಕಲೆಕ್ಟರ್‌ನಿಂದ ಎಮಿಟರ್‌ಗೆ 4.7 ಪಿಕೊಫ್ಯಾರಡ್‌ನ ಫೀಡ್‌ಬ್ಯಾಕ್ ಕೆಪಾಸಿಟರ್, ಶಾಖಕ್ಕೆ ಬೆಲೆ ಬದಲಾಗದ ಎನ್‌ಪಿಓ ಜಾತಿಯ ಸಿರಾಮಿಕ್. ಕಾಯಿಲ್ ಮತ್ತು ಟ್ರಿಮ್ಮರ್ ಒಂದಕ್ಕೊಂದು ಸಮಾನಾಂತರವಾಗಿ, ಕಲೆಕ್ಟರ್ ಮತ್ತು ಧನದ ನಡುವೆ. ಕಾಯಿಲ್‌ನ ಧನದ ತುದಿ ಇರುವಲ್ಲೇ ಗ್ರೌಂಡಿಗೆ 0.01 ಮೈಕ್ರೊಫ್ಯಾರಡ್ ಸಿರಾಮಿಕ್ ಒಂದು ಕಡ್ಡಾಯ. ದೊಡ್ಡ ಎಲೆಕ್ಟ್ರೊಲಿಟಿಕ್ ಇದೆಯಲ್ಲ ಎಂದು ಇದನ್ನು ಬಿಡುವಂತಿಲ್ಲ, ಎಲೆಕ್ಟ್ರೊಲಿಟಿಕ್ ನೂರು ಮೆಗಾಹರ್ಟ್ಸ್‌ನಲ್ಲಿ ಕೆಪಾಸಿಟರಿನಂತೆ ವರ್ತಿಸುವುದೇ ಇಲ್ಲ. ಎಲೆಕ್ಟ್ರೆಟ್ ಮೈಕ್‌ಗೆ ಧನದಿಂದ 10 ಕಿಲೋ ಓಮ್, ಮೈಕ್‌ನಿಂದ ಬೇಸ್‌ಗೆ 1 ಮೈಕ್ರೊಫ್ಯಾರಡ್, ಧನದ ಕಾಲು ಮೈಕ್ ಕಡೆಗೆ. ಮೈಕ್‌ನ ಹೊರಕವಚಕ್ಕೆ ತಾಗಿದ ಕಾಲು ಗ್ರೌಂಡಿಗೆ.

ಟ್ರಾನ್ಸಿಸ್ಟರ್ ಬಿಸಿ547, 2ಎನ್3904, 2ಎನ್2222 ಯಾವುದಾದರೂ ನಡೆಯುತ್ತದೆ, ಆದರೆ ಕಾಲುಗಳ ಕ್ರಮ ಒಂದೇ ಅಲ್ಲ. ಚಪ್ಪಟೆ ಮುಖ ನಮ್ಮ ಕಡೆಗೆ, ಕಾಲು ಕೆಳಗೆ ಹಿಡಿದರೆ ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಪ್ಲಾಸ್ಟಿಕ್ ಮೈಯ 2222ರದ್ದು ಇನ್ನೂ ಗೊಂದಲ: ಪಿಎನ್2222ಎ ಒಂದು ಕ್ರಮ, ಪಿ2ಎನ್2222ಎ ಅದರ ತಿರುವು. ಹೆಸರಿನಲ್ಲಿ ಒಂದು ಅಂಕಿ ಅತ್ತಿತ್ತ, ಅಷ್ಟೇ.

ಬ್ರೆಡ್‌ಬೋರ್ಡಿನ ಮೇಲೆ ಜೋಡಿಸಿದ ಫೋಟೊ ಹಾಕಿದ್ದೀರಿ. ಬೆಸುಗೆಯಿಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಅದು ಈ ಕೆಲಸಕ್ಕೆ ಆಗಿಬರದ ಹಲಗೆ. ಅದರೊಳಗಿನ ಒಂದೊಂದು ಸಾಲೂ ಪಕ್ಕದ ಸಾಲಿನೊಡನೆ ಕೆಲವು ಪಿಕೊಫ್ಯಾರಡ್ ಸೇರಿಸುತ್ತದೆ. ನಮ್ಮ ಫೀಡ್‌ಬ್ಯಾಕ್ ಕೆಪಾಸಿಟರೇ 4.7 ಇರುವಾಗ ಅದು ಸಣ್ಣದಲ್ಲ. ತಂತಿಯ ಒಂದೊಂದು ಮಿಲಿಮೀಟರಿಗೆ ಹೆಚ್ಚುಕಡಿಮೆ ಒಂದು ನ್ಯಾನೊಹೆನ್ರಿ ಎಂದು ಲೆಕ್ಕ ಹಿಡಿಯಿರಿ: 3 ಸೆಂಟಿಮೀಟರ್ ಉದ್ದದ ಕಾಲು ಬಿಟ್ಟರೆ 100 ನ್ಯಾನೊಹೆನ್ರಿಯ ಕಾಯಿಲ್ ಪಕ್ಕ ಇನ್ನೊಂದು 30ರ ಕಾಯಿಲ್ ಕೂಡಿಸಿದಂತೆ. ತಾಮ್ರದ ಪದರ ಇರುವ ಖಾಲಿ ಪಿಸಿಬಿ ತುಂಡನ್ನು ಗ್ರೌಂಡ್ ಮಾಡಿಕೊಂಡು, ಗ್ರೌಂಡಿಗೆ ಹೋಗುವ ಕಾಲುಗಳನ್ನು ನೇರ ತಾಮ್ರಕ್ಕೇ ಬೆಸೆದು, ಉಳಿದವನ್ನು ಗಾಳಿಯಲ್ಲೇ ಒಂದಕ್ಕೊಂದು ಸೇರಿಸಿದರೆ ನೋಡಲು ಚಂದವಿರುವುದಿಲ್ಲ, ಕೆಲಸ ಮಾತ್ರ ಅಚ್ಚುಕಟ್ಟು.

ಈಗ ಲೇಖನ ಒಂದು ಮಾತೂ ಆಡದ ವಿಷಯಕ್ಕೆ ಬರುತ್ತೇನೆ. ‘ರೇಡಿಯೊದಲ್ಲಿ ಎಲ್ಲಾದರೂ ನಿಮ್ಮ ಧ್ವನಿ ಕೇಳಿಸಿದರೆ ಟ್ರಾನ್ಸ್‌ಮಿಟರ್ ಸಿದ್ಧ’ ಎಂದು ಮುಗಿಸಿದ್ದೀರಿ. ರೇಡಿಯೊದ ಮುಳ್ಳು 88.6ರಲ್ಲಿದೆ, ಧ್ವನಿ ಕೇಳುತ್ತಿದೆ ಎಂದಿಟ್ಟುಕೊಳ್ಳಿ. ಟ್ರಾನ್ಸ್‌ಮಿಟರ್ 88.6ರಲ್ಲೇ ಇರಬಹುದು, 110ರಲ್ಲೂ ಇರಬಹುದು. ಹಳೆಯ ರೀತಿಯ ಎಫ್‌ಎಂ ರೇಡಿಯೊಗಳ ಮಧ್ಯಂತರ ಫ್ರೀಕ್ವೆನ್ಸಿ (ಬಂದ ಸಿಗ್ನಲ್ಲನ್ನು ರೇಡಿಯೊ ತನ್ನೊಳಗೆ ಬದಲಿಸಿಕೊಳ್ಳುವ ಫ್ರೀಕ್ವೆನ್ಸಿ) 10.7 ಮೆಗಾಹರ್ಟ್ಸ್. ಅದರ ಎರಡರಷ್ಟು, ಅಂದರೆ ಮುಳ್ಳು ಇರುವಲ್ಲಿಂದ 21.4 ಮೇಲಿರುವ ಬಲವಾದ ಸಿಗ್ನಲ್ ಕೂಡ ಅದೇ ಜಾಗದಲ್ಲಿ ಒಳಗೆ ನುಸುಳುತ್ತದೆ. ಮೇಜಿನ ಮೇಲೆ ಅಡಿ ದೂರದಲ್ಲಿರುವ ಟ್ರಾನ್ಸ್‌ಮಿಟರಿಗಿಂತ ಬಲವಾದ ಸಿಗ್ನಲ್ ಆ ರೇಡಿಯೊಗೆ ಬೇರೆ ಯಾವುದಿದೆ? 87.5ರಿಂದ 108ರ ಪಟ್ಟಿಯ ಅಗಲ 20.5 ಮಾತ್ರ, 21.4ಕ್ಕಿಂತ ಕಡಿಮೆ. ಹೀಗಾಗಿ ನಿಜ ಮತ್ತು ನೆರಳು ಎರಡೂ ಒಟ್ಟಿಗೆ ಮುಳ್ಳಿಗೆ ಸಿಗುವುದೇ ಇಲ್ಲ. ಸಿಕ್ಕ ಒಂದನ್ನೇ ನಿಜ ಎಂದು ನಂಬುತ್ತೇವೆ. 108ರಿಂದ 112ರವರೆಗೆ ವಿಮಾನವನ್ನು ಓಡುದಾರಿಯ ನೇರಕ್ಕೆ ತರುವ ಸಿಗ್ನಲ್‌ಗಳಿವೆ, 118ರವರೆಗೆ ದಿಕ್ಕು ತೋರಿಸುವ ಕೇಂದ್ರಗಳು, ಅದರ ಮೇಲೆ ಪೈಲಟ್‌ಗಳ ಮಾತುಕತೆ. ಅಲ್ಲಿ ಒಂದು ಮಿಲಿವಾಟ್ ಕೂಡ ಇರಬಾರದು.

ತಪ್ಪಿಸುವ ದಾರಿ ಸುಲಭ. ಆಂಟೆನಾ ತಂತಿ ಇಲ್ಲದೆಯೇ ಶುರುಮಾಡಿ. ಟ್ರಿಮ್ಮರನ್ನು ಪೂರ್ತಿ ಮುಚ್ಚಿ, ಅಂದರೆ ಅದರ ಅರ್ಧಚಂದ್ರದ ಎರಡು ಹಾಳೆಗಳು ಒಂದರ ಮೇಲೊಂದು ಬರಲಿ. ಈಗ ಫ್ರೀಕ್ವೆನ್ಸಿ ಅತಿ ಕೆಳಗೆ, ಪಟ್ಟಿಗಿಂತಲೂ ಕೆಳಗೆ ಇರುತ್ತದೆ. ಅಲ್ಲೂ ಬೇರೆಯವರ ಸೇವೆಗಳಿವೆ, ನಿಲ್ಲಬೇಡಿ. ರೇಡಿಯೊವನ್ನು 88ಕ್ಕೆ ಇಟ್ಟು, ಟ್ರಿಮ್ಮರನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತೆರೆಯುತ್ತ ಬಂದರೆ ಮೊದಲು ಮುಳ್ಳಿಗೆ ಸಿಗುವುದು ನಿಜವಾದ ಸಿಗ್ನಲ್. ಅಲ್ಲಿಂದ ಅದನ್ನು ಹಿಂಬಾಲಿಸಿಕೊಂಡೇ 90–100ರ ನಡುವೆ ಯಾವ ಕೇಂದ್ರವೂ ಕೇಳಿಸದ ಖಾಲಿ ಜಾಗಕ್ಕೆ ತಂದು ನಿಲ್ಲಿಸಿ. ಕಂಪ್ಯೂಟರಿಗೆ ಸಿಕ್ಕಿಸುವ ಎಸ್‌ಡಿಆರ್ ಡಾಂಗಲ್ (ಸಾಫ್ಟ್‌ವೇರ್ ಮೂಲಕ ನಡೆಯುವ ರೇಡಿಯೊ) ಇದ್ದರೆ ಊಹೆಯೇ ಬೇಡ, ಸಿಗ್ನಲ್ ಎಲ್ಲಿದೆ ಎಂದು ಪರದೆಯ ಮೇಲೇ ಕಾಣುತ್ತದೆ. 98ರಲ್ಲಿ ಕೂತಿದ್ದರೆ ಅದರ ಎರಡರಷ್ಟಾದ 196ರಲ್ಲಿ ಏನು ಎದ್ದಿದೆ ಎನ್ನುವುದೂ.

ಟ್ರಿಮ್ಮರ್ ತಿರುಗಿಸಲು ಲೋಹದ ಸ್ಕ್ರೂಡ್ರೈವರ್ ಬೇಡ. ಪ್ಲಾಸ್ಟಿಕ್ ಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಕೊಯ್ದುಕೊಳ್ಳಿ. ಯಾಕೆಂದರೆ ಎಫ್‌ಎಂನಲ್ಲಿ ಧ್ವನಿ ಅತಿ ಜೋರಾದಾಗ ಆಗಬೇಕಾದ ಏರಿಳಿತ 75 ಕಿಲೋಹರ್ಟ್ಸ್, 98 ಮೆಗಾಹರ್ಟ್ಸ್‌ನ ಕಾಯಿಲ್‌ನಲ್ಲಿ ಅದಕ್ಕೆ ಬೇಕಾದ ಬದಲಾವಣೆ 0.04 ಪಿಕೊಫ್ಯಾರಡ್. ಅಂಗೈ ಹತ್ತಿರ ತಂದರೂ ಅಷ್ಟು ಸೇರಿಬಿಡುತ್ತದೆ. ಬ್ಯಾಟರಿ 9 ವೋಲ್ಟಿನಿಂದ 8ಕ್ಕೆ ಇಳಿದರೆ ಟ್ರಾನ್ಸಿಸ್ಟರಿನೊಳಗಿನ ಕೆಪಾಸಿಟನ್ಸ್ ಬದಲಾಗಿ ಫ್ರೀಕ್ವೆನ್ಸಿ ನೂರಾರು ಕಿಲೋಹರ್ಟ್ಸ್ ಜಾರಬಹುದು. ಸ್ಥಿರವಾಗಿ 5 ವೋಲ್ಟ್ ಕೊಡುವ 78ಎಲ್05 ರೆಗ್ಯುಲೇಟರ್ ಹಾಕಿ, ಎಮಿಟರ್ ರೆಸಿಸ್ಟರನ್ನು 220 ಓಮ್‌ಗೂ ಮೈಕ್‌ನದನ್ನು 4.7 ಕಿಲೋಗೂ ಇಳಿಸಿದರೆ ಈ ಜಾರುವಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಟ್ಯೂನ್ ಮಾಡಿದ ಮೇಲೆ ಕಾಯಿಲ್‌ಗೆ ಮೇಣದ ಹನಿ ಬಿಟ್ಟು ಅಲುಗದಂತೆ ಮಾಡಿ, ಮೇಣ ಗಟ್ಟಿಯಾದ ಮೇಲೆ ಇನ್ನೊಮ್ಮೆ ಚೂರು ಸರಿಪಡಿಸಿ. ಮೇಜು ತಟ್ಟಿದಾಗಲೆಲ್ಲ ರೇಡಿಯೊದಲ್ಲಿ ಟಣ್ ಎನ್ನುತ್ತಿದ್ದರೆ ಅದು ಮೈಕ್‌ನ ದೋಷವಲ್ಲ, ಕಾಯಿಲ್‌ನ ನಡುಕ.

ಮೈಕ್ ಬದಲು ಫೋನಿನ ಹಾಡು ಕಳಿಸುವವರಿಗೆ ಒಂದು ಸಣ್ಣ ಉಪಾಯ: 47 ಕಿಲೋ ಓಮ್ ರೆಸಿಸ್ಟರಿಗೆ ಸಮಾನಾಂತರವಾಗಿ 1 ನ್ಯಾನೊಫ್ಯಾರಡ್ ಇಟ್ಟು, 1 ಮೈಕ್ರೊಫ್ಯಾರಡ್ ಮೂಲಕ ಬೇಸ್‌ಗೆ ಕೊಡಿ. ಇಲ್ಲಿ ಧನದ ಕಾಲು ಬೇಸ್ ಕಡೆಗೆ. ಫೋನಿನ ಜೋರು ಎಂಟನೆಯ ಒಂದಂಶಕ್ಕೆ ಇಳಿಯುವುದರ ಜೊತೆಗೆ, ರೇಡಿಯೊಗಳು ಸ್ವೀಕರಿಸುವಾಗ ಕತ್ತರಿಸುವ ಮೇಲಿನ ಸ್ವರಗಳನ್ನು ಇದು ಮೊದಲೇ ಎತ್ತಿಕೊಡುತ್ತದೆ. ಬಹುತೇಕ ದೇಶಗಳಲ್ಲಿ ಬಳಸುವ 50 ಮೈಕ್ರೊಸೆಕೆಂಡಿನ ಅಳತೆಗೆ ಇವೆರಡರ ಗುಣಲಬ್ಧವಾದ 47 ಮೈಕ್ರೊಸೆಕೆಂಡ್ ಸಾಕಷ್ಟು ಹತ್ತಿರ. ಆಮೇಲೂ ಧ್ವನಿ ಒಡೆದರೆ ಫೋನಿನ ವಾಲ್ಯೂಮ್ ತಗ್ಗಿಸಿ.

ಇನ್ನು ದೂರದ ಮಾತು. ‘ಒಂದು ಮೀಟರ್ ತಂತಿ ಕಟ್ಟಿ, 12 ವೋಲ್ಟ್ ಕೊಟ್ಟರೆ ಇನ್ನೂ ದೂರ ಹೋಗುತ್ತದೆ’ ಎಂಬ ಸಾಲನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಈ ಸರ್ಕಿಟ್ಟಿನಲ್ಲಿ ಆಂಟೆನಾ, ರೇಡಿಯೊ ತರಂಗ ಹುಟ್ಟಿಸುವ ಭಾಗವಾದ ಆಸಿಲೇಟರಿಗೇ ಅಂಟಿಕೊಂಡಿರುತ್ತದೆ. ತಂತಿ ಉದ್ದವಾದಷ್ಟೂ ಗಾಳಿಗೆ ಅಲುಗಿದರೆ ಸಾಕು ಫ್ರೀಕ್ವೆನ್ಸಿ ಓಡಾಡುತ್ತದೆ, ಭಾರ ಹೆಚ್ಚಾಗಿ ಆಸಿಲೇಟರ್ ನಿಂತೇಹೋಗಬಹುದು. ಕಾಯಿಲ್‌ನ ಧನದ ತುದಿಯಿಂದ ಒಂದು ಸುತ್ತು ಮೇಲಿನ ಜಾಗಕ್ಕೆ 10 ಸೆಂಟಿಮೀಟರ್ ತಂತಿ ಬೆಸೆದರೆ ಕೋಣೆಗೆ ಧಾರಾಳ. ತಂತಿ ಸೇರಿಸಿದ ಮೇಲೆ ಫ್ರೀಕ್ವೆನ್ಸಿ ಸ್ವಲ್ಪ ಬದಲಾಗುತ್ತದೆ, ಮತ್ತೆ ನೋಡಿಕೊಳ್ಳಿ. ಕಾನೂನಿನ ಲೆಕ್ಕದಲ್ಲಿ ಅದೂ ಹೆಚ್ಚೇ ಆಗಬಹುದು. ಯುರೋಪಿನ ಅನೇಕ ದೇಶಗಳಲ್ಲಿ ಪರವಾನಗಿ ಇಲ್ಲದೆ ಬಿಡುವುದು 50 ನ್ಯಾನೊವಾಟ್. ಅಮೆರಿಕದ ಮಿತಿ 3 ಮೀಟರ್ ದೂರದಲ್ಲಿ ಮೀಟರಿಗೆ 250 ಮೈಕ್ರೊವೋಲ್ಟ್, ವಾಟ್ ಲೆಕ್ಕದಲ್ಲಿ ಅದು 20 ನ್ಯಾನೊವಾಟಿನ ಆಸುಪಾಸು. ಒಂದು ಮಿಲಿವಾಟ್ ಎಂದರೆ ಆ 50ರ 20,000 ಪಟ್ಟು. ಸಣ್ಣದಕ್ಕೂ ಪರವಾನಗಿ ಕೇಳುವ ದೇಶಗಳಿವೆ. ತಂತಿ ಬೆಸೆಯುವ ಮೊದಲು ತಾವಿರುವ ಕಡೆಯ ನಿಯಮ ನೋಡಬೇಕು ಎಂಬ ಒಂದು ಸಾಲು ಲೇಖನದ ಮೊದಲಲ್ಲೇ ಇರಬೇಕಿತ್ತು.

ಮುಂದಿನ ಸಂಚಿಕೆಯಲ್ಲಿ ಚಿತ್ರವನ್ನು ಮತ್ತೆ ಅಚ್ಚು ಹಾಕುವುದಾದರೆ ಬೇಸ್‌ನ ಕೆಪಾಸಿಟರನ್ನು 0.001 ಮಾಡಿ, ಕಾಯಿಲ್‌ನ ವ್ಯಾಸ ಮತ್ತು ಉದ್ದ ಬರೆಯಿರಿ, ಟ್ರಿಮ್ಮರನ್ನು ಮುಚ್ಚಿಟ್ಟು ಶುರುಮಾಡುವ ಕ್ರಮವನ್ನು ಚಿತ್ರದ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಕೊಡಿ. ಹಳೆಯ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡ ಮಕ್ಕಳು ಬೆಸುಗೆ ಕಡ್ಡಿ ಕಾಯಿಸುವ ಮೊದಲೇ ಈ ತಿದ್ದುಪಡಿ ಅವರ ಕೈ ಸೇರಲಿ.

ಇಂತಿ,
ಪತ್ರಿಕೆಯ ಓದುಗ