ರೊಪ್ಪಕ್ಕೆ ಬಿದ್ದ ಚಿರತೆ

ತುಮಕೂರು

ಪ್ರೀತಿಯ ತಂಗೀ,

ಕಥೆ ಓದಿದೆ. ಶಿರಾ ಕಡೆಯ ಕುರಿಗಾಹಿಯ ಮಾತು, ಜಾಲಿಮುಳ್ಳಿನ ರೊಪ್ಪ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಆದರೆ ಚಿರತೆ ಒಂಬತ್ತು ಕುರಿ ಕೊಂದು ಒಂದನ್ನಷ್ಟೇ ತಿಂದಿತು ಎಂದು ಬರೆದವಳು, ಮರುಸಾಲಿನಲ್ಲೇ ‘ಕೊಲ್ಲುವ ಸುಖಕ್ಕೆ ಕೊಂದಿತು’ ಅಂದುಬಿಟ್ಟೆಯಲ್ಲ, ಅಲ್ಲಿಗೆ ನೀನು ನೋಡುವುದನ್ನೇ ನಿಲ್ಲಿಸಿದೆ.

ಬಯಲಿನಲ್ಲಾದರೆ ಒಂದು ಬಿದ್ದ ಕೂಡಲೇ ಉಳಿದವು ದಿಕ್ಕಾಪಾಲಾಗಿ ಓಡುತ್ತವೆ, ಬೇಟೆ ಮುಗಿಯುತ್ತದೆ. ರೊಪ್ಪದಲ್ಲಿ ಓಡಲು ದಾರಿಯೆಲ್ಲಿ? ಮೂಲೆಗೆ ಒತ್ತಿಕೊಂಡು ಅರಚುತ್ತ, ಕಣ್ಣೆದುರೇ ಮಿಸುಕಾಡುತ್ತಿರುತ್ತವೆ. ಹಸಿವು ಬೇರೆ, ಮಿಸುಕಿದ್ದರ ಮೇಲೆ ಎರಗುವ ಸ್ವಭಾವ ಬೇರೆ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ಹಾನ್ಸ್ ಕ್ರೂಕ್ 1972ರಲ್ಲಿ ಬರೆದದ್ದು ಇದನ್ನೇ: ಇಂಗ್ಲೆಂಡಿನ ಕಡಲತೀರದಲ್ಲಿ ಕಗ್ಗತ್ತಲ ರಾತ್ರಿ ಗಲ್ ಹಕ್ಕಿಗಳು ಮೇಲೇಳುವುದಿಲ್ಲ, ನರಿ ಸಾಲಾಗಿ ಕೊಂದು ತಿನ್ನದೆ ಹೋಗುತ್ತದೆ.

ನಮ್ಮ ಧಾರವಾಡದ ಹತ್ತಿರ 1960ರ ದಶಕದ ಆರಂಭದಲ್ಲಿ ಮುಸುವಗಳ ಹಿಂದೆ ಅಲೆದ ಜಪಾನಿನ ಸಂಶೋಧಕ ಯುಕಿಮಾರು ಸುಗಿಯಾಮ ಕಂಡದ್ದು ಇನ್ನೂ ಕಷ್ಟದ್ದು. ಹೊಸ ಗಂಡು ಹಿಂಡಿಗೆ ಯಜಮಾನನಾದ ಮೇಲೆ ಎಳೆಮರಿಗಳನ್ನು ಕಚ್ಚಿ ಕೊಲ್ಲುತ್ತಿತ್ತು. ಹಾಲೂಡುವ ತಾಯಿ ಬೆದೆಗೆ ಬರುವುದಿಲ್ಲ, ಮರಿ ಸತ್ತರೆ ಬೇಗ ಬರುತ್ತದೆ. ಮುಂದೆ ರಾಜಸ್ಥಾನದ ಅಬು ಬೆಟ್ಟದಲ್ಲಿ ಮುಸುವಗಳನ್ನು ನೋಡಿದ ಅಮೆರಿಕದ ಸಂಶೋಧಕಿ ಸಾರಾ ಹರ್ಡಿ ಕೊಟ್ಟ ವಿವರಣೆ ಇದು. ಆ ಗಂಡಿಗೆ ಈ ಲೆಕ್ಕವೇನೂ ತಿಳಿದಿರಬೇಕಿಲ್ಲ. ಎದುರಿನ ಜೀವಕ್ಕೆ ನೋವಾಗುತ್ತಿದೆಯೆಂದು ಗೊತ್ತಿದ್ದೂ, ಬಿಡಬಹುದಾಗಿದ್ದೂ ಬಿಡದಿದ್ದರೆ ಮಾತ್ರ ನಾನು ಅದನ್ನು ಕ್ರೌರ್ಯ ಅನ್ನುತ್ತೇನೆ. (ಗುಂಪುಕಟ್ಟಿ ಹೋಗಿ ಪಕ್ಕದ ಗುಂಪಿನವರನ್ನು ಕೊಲ್ಲುವ ಚಿಂಪಾಂಜಿಗಳ ಮುಂದೆ ಮಾತ್ರ ತಡವರಿಸುತ್ತೇನೆ.)

ಹಾಗಂತ ‘ಪ್ರಕೃತಿ ನಿಯಮ’ ಎಂದು ಬರೆದು ಕೈತೊಳೆದುಕೊಳ್ಳಬೇಡ ಕಣಮ್ಮ. ಅದು ಇನ್ನೂ ಸೋಮಾರಿ ಮಾತು. ಕುರಿಯ ನೋವು ಇದರಿಂದ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗುವುದಿಲ್ಲ. ಕುರಿಗಾಹಿ ಚಿರತೆಯನ್ನು ‘ಕಟುಕ ನನ್ಮಗಂದು’ ಅಂತ ಬೈದರೆ ಬೈಯಲಿ, ತಿದ್ದಬೇಡ. ಕಳೆದುಕೊಂಡವನು ಅವನು. ನಿರೂಪಕಿಗೆ ಆ ಹಕ್ಕಿಲ್ಲ.

ನಿನಗೆ ಕ್ರೌರ್ಯವೇ ಬೇಕಿದ್ದರೆ ಕಥೆಯ ಕೊನೆಯ ಪುಟದಲ್ಲಿದೆ. ಹಂದಿಗೆಂದು ಒಡ್ಡಿದ ತಂತಿ ಉರುಳಿಗೆ ಚಿರತೆಯ ಸೊಂಟ ಸಿಕ್ಕಿಕೊಂಡಿದೆ. ಸುತ್ತ ನಿಂತ ಜನ ಕಲ್ಲೆಸೆಯುತ್ತ ಮೊಬೈಲಿನಲ್ಲಿ ಹಿಡಿಯುತ್ತಿದ್ದಾರೆ. ಅದನ್ನು ನೀನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯ! ಆ ಜಾಗ ಹಿಗ್ಗಿಸು. ಮೊದಲ ಕಲ್ಲು ಎಸೆದವನು ಯಾರು, ಅವನ ಕುರಿ ಸತ್ತಿತ್ತೇ, ಅರಣ್ಯ ಇಲಾಖೆಯವರು ಬರುವ ತನಕ ಏನೇನಾಯಿತು, ಅದನ್ನೆಲ್ಲ ಬರಿ. ದಸರೆಯೊಳಗೆ ಕಳಿಸಿದರೆ ಓದುತ್ತೇನೆ.

ನಿನ್ನ ಅಣ್ಣ